ಹೊಲಿದ ಕೈಯೇ ಬಿಚ್ಚಬೇಕು

ಗುರುವಾರ, ಬೆಳಿಗ್ಗೆ

ನನ್ನ ಅಳಿಯನ ಕೈಹಿಡಿದವಳಿಗೆ,

ಈ ಪತ್ರ ಬರೆಯುತ್ತಿರುವವಳು ಯಾರು ಎಂದು ನಿನಗೆ ಗೊತ್ತಿದೆ. ಆದರೂ ಹೇಳಿಬಿಡುತ್ತೇನೆ. ಮೊನ್ನೆ ನನ್ನ ಬಾಯಿಂದ ಬಂದದ್ದನ್ನು ಕೇಳಿದ ಮೇಲೆ ನೀನು ನನ್ನನ್ನು ಬರೀ ಬಾಯಿಬಡುಕಿ ಮುದುಕಿ ಎಂದುಕೊಂಡಿರಬಹುದು. ನಾನು ಈ ಕೌದಿಮನೆಯ ಯಜಮಾನಿ. ನನ್ನ ಅತ್ತೆ ಎರಡು ಮಂಚ ಜೋಡಿಸಿಕೊಂಡು ಶುರುಮಾಡಿದ್ದ ಕೌದಿ ಹೊಲಿಯುವ ಕೆಲಸವನ್ನು ಈ ಉದ್ದ ಮೇಜಿನವರೆಗೆ ತಂದವಳು ನಾನು. ನನ್ನ ಗಂಡ ತೀರಿಕೊಂಡಾಗ, ಇನ್ನೇನು ಇವಳು ಬಾಗಿಲು ಹಾಕುತ್ತಾಳೆ ಎಂದು ಬೀದಿಯವರೆಲ್ಲ ಕಾದರು. ಇನ್ನೂ ಕಾಯುತ್ತಲೇ ಇದ್ದಾರೆ. ನಾನು ಹೊಸ್ತಿಲ ಹೊರಗೆ ಕಾಲಿಟ್ಟರೆ ಎದುರಿನ ಸೈಕಲ್ ಅಂಗಡಿಯವನು ಹಾಡಿನ ಸದ್ದು ಕಡಿಮೆ ಮಾಡುತ್ತಾನೆ. ಮೇಜಿನ ಸುತ್ತ ಕೂರುವ ಹೆಂಗಸರಲ್ಲಿ ನನಗಿಂತ ವಯಸ್ಸಾದವರೂ ನನ್ನನ್ನು ದೊಡ್ಡಮ್ಮ ಎನ್ನುತ್ತಾರೆ. ಹೈಸ್ಕೂಲು ಮುಗಿಸಿದವಳು ನಾನು. ಇನ್ನೊಬ್ಬರ ಕೈಯಲ್ಲಿ ಪತ್ರ ಬರೆಸುವ ಗತಿ ನನಗೆ ಬಂದಿಲ್ಲ. ಅಕ್ಷರ ಯಾಕಿಷ್ಟು ದೊಡ್ಡದು ಎಂದು ನಗಬೇಡ. ದೊಡ್ಡದಾಗಿ ಬರೆದರೆ ತಪ್ಪು ಅಡಗಿ ಕೂರುವುದಿಲ್ಲ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು.

ಕ್ಷಮೆ ಕೇಳುತ್ತಿದ್ದೇನೆ ಎಂದುಕೊಂಡು ಓದಬೇಡ. ನೀನು ಚೀಲ ಹೆಗಲಿಗೇರಿಸಿಕೊಂಡು ಹಿಂತಿರುಗಿ ನೋಡದೆ ಮೆಟ್ಟಿಲಿಳಿದು ಹೋದೆಯಲ್ಲ, ಆಮೇಲೆ ಈ ಮನೆಯಲ್ಲಿ ಏನು ನಡೆಯಿತು ಎನ್ನುವುದು ನಿನಗೆ ತಿಳಿದಿರಬೇಕು. ಅರ್ಧದಿಂದ ಹೇಳಿದರೆ ಅರ್ಥವಾಗುವುದಿಲ್ಲ. ಮೊದಲಿಂದ ಹೇಳುತ್ತೇನೆ.

ಆ ನೀಲಿ ಕೌದಿ ನನ್ನ ಮಗಳದು. ನನ್ನ ಮೊಮ್ಮಗಳು ಗುಂಡುಸೂಜಿ, ಅಮ್ಮನ ಮಗ್ಗುಲು ಬಿಟ್ಟು ಬೇರೆ ಮಂಚದಲ್ಲಿ ಮಲಗುವ ಹಾಗಾದಾಗ ಅವಳಿಗೆಂದೇ ಶುರುಮಾಡಿದ್ದು. ಮೈ ಸಣಕಲು, ತಲೆ ಮಾತ್ರ ದೊಡ್ಡದು, ಅದಕ್ಕೇ ಮೇಜಿನವರು ಮಗುವಿಗೆ ಆ ಹೆಸರಿಟ್ಟರು. ಅವಳ ನಿಜವಾದ ಹೆಸರಿನಿಂದ ಕರೆದರೆ ಈಗ ಅವಳೇ ತಿರುಗಿ ನೋಡುವುದಿಲ್ಲ. ಕೌದಿಯ ನಡುವಿನ ಪದರಕ್ಕೆ ನನ್ನ ಮಗಳು ತನ್ನ ಅಪ್ಪನ ಹಳೆಯ ಕಂಬಳಿ ಹಾಕಿದ್ದಳು. ಮೇಲಿನ ಬಟ್ಟೆಯ ಮೇಲೆ ಬಿಳಿ ಪೆನ್ಸಿಲಿನಲ್ಲಿ ಚೌಕಗಳನ್ನು ಎಳೆದದ್ದೂ ಅವಳೇ. ಅಷ್ಟು ನೇರವಾಗಿ ಗೆರೆ ಎಳೆಯುವ ಕೈ ಈ ಮನೆಯಲ್ಲಿ ಇನ್ನೊಂದಿರಲಿಲ್ಲ. ನನ್ನದೂ ಅಲ್ಲ. ಅವಳು ಬದುಕಿರುವಾಗ ನಾನು ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಕೈ ಕೆಡುತ್ತಿತ್ತು ಎಂದು ಈಗಲೂ ನಂಬಿದ್ದೇನೆ.

ನೀನು ಕೂತು ಕಲಿತಿದ್ದೀಯ, ಆದರೂ ಹೇಳುತ್ತೇನೆ, ಯಾಕೆಂದರೆ ನಡೆದದ್ದೆಲ್ಲ ಈ ಒಂದು ಕೆಲಸದ ಮೇಲೆ ನಿಂತಿದೆ. 'ಬಾಗಿಲೊಳಗೆ ಬಾಗಿಲು' ಎನ್ನುವ ಈ ವಿನ್ಯಾಸದಲ್ಲಿ ಮೊದಲು ಅಡ್ಡಗೆರೆಗಳನ್ನು ಮಾತ್ರ ಹೊಲಿಯುತ್ತೇವೆ. ಒಂದು ಚೌಕದಲ್ಲಿ ದಾರ ಬಟ್ಟೆಯ ಮೇಲೆ, ಮುಂದಿನ ಚೌಕದಲ್ಲಿ ಬಟ್ಟೆಯ ಕೆಳಗೆ. ಯಾವ ಗೆರೆ ಮೇಲಿನಿಂದ ಹೊರಡಬೇಕು, ಯಾವುದು ಕೆಳಗಿನಿಂದ ಎನ್ನುವುದಕ್ಕೆ ಅಂಚಿನಲ್ಲಿ ಚುಕ್ಕೆ ಇಟ್ಟಿರುತ್ತೇವೆ. ಅಡ್ಡಗೆರೆ ಮುಗಿದರೂ ಬಟ್ಟೆಯ ಮೇಲೆ ಇರುವೆ ಸಾಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಉದ್ದಗೆರೆ ಹೊಲಿಯುತ್ತ ಬಂದಾಗಲೇ ತುದಿಗೆ ತುದಿ ಸೇರಿ ಬಾಗಿಲು ಮೂಡುತ್ತದೆ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಅಡ್ಡಗೆರೆಗಳಲ್ಲಿ ಒಂದೇ ಒಂದು ತಪ್ಪು ಕಡೆಯಿಂದ ಹೊರಟರೂ ಹೊಲಿಯುವಾಗ ಗೊತ್ತಾಗುವುದಿಲ್ಲ. ಉದ್ದಗೆರೆಯವಳಿಗೆ ಗೊತ್ತಾಗುತ್ತದೆ. ಬಾಗಿಲು ಕೂಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಬ್ಬಳು ಅಡ್ಡ ಹೊಲಿದರೆ ಇನ್ನೊಬ್ಬಳು ಉದ್ದ ಹೊಲಿಯುತ್ತಾಳೆ. ತಪ್ಪು ಸಿಕ್ಕರೆ ಉದ್ದಗೆರೆಯವಳು ಕೈ ಹಾಕುವಂತಿಲ್ಲ. ಕೌದಿ ವಾಪಸು ಮೊದಲಿನವಳ ಮಡಿಲಿಗೆ ಹೋಗುತ್ತದೆ. ಹೊಲಿದ ಕೈಯೇ ಬಿಚ್ಚಬೇಕು. ಇದು ನನ್ನ ಅತ್ತೆಯ ಕಾಲದ ನಿಯಮ. ನನ್ನ ಕಾಲದಲ್ಲಿ ಅದಕ್ಕೆ ಒಂದು ಕತ್ತರಿ ಸೇರಿತು. ಕುತ್ತಿಗೆಯಲ್ಲಿ ನೇತುಹಾಕಿಕೊಂಡಿರುತ್ತೇನಲ್ಲ, ಅದೇ. ತಪ್ಪು ಸಿಕ್ಕಿದ ತಕ್ಷಣ ಅದನ್ನು ಬಿಚ್ಚಿ ಹೊಲಿದವಳ ಮುಂದಿಡುತ್ತೇನೆ. ಒಂದು ಮಾತೂ ಆಡುವುದಿಲ್ಲ. ಬೈದರೂ ಪರವಾಗಿಲ್ಲ, ಆ ಕತ್ತರಿ ಟಕ್ ಅಂತ ಇಡ್ತಾರಲ್ಲ, ಅದೇ ಹೊಟ್ಟೆಗೆ ಹಾಕ್ದಂಗಾಗುತ್ತೆ ಎಂದು ರೇಡಿಯೋ ಅಕ್ಕ ಹೊಸಬರಿಗೆ ಹೇಳುವುದನ್ನು ಕೇಳಿದ್ದೇನೆ. ಬಾಗಿಲ ಪಕ್ಕ ಕೂರುವ ಅವಳಿಗೆ ಆ ಹೆಸರು ಯಾಕೆ ಬಂತೆಂದು ನಿನಗೆ ಮೊದಲ ದಿನವೇ ತಿಳಿದಿರಬೇಕು.

ಮಗಳಿಗೆ ಕಾಯಿಲೆ ಹೆಚ್ಚಾದಾಗ ನಾನೇ ಅವಳನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಮಹಡಿಯ ಕೋಣೆಯಲ್ಲಿ, ಬೀದಿಗೆ ತೆರೆಯುವ ಕಿಟಕಿಯ ಕೆಳಗೆ ಮಂಚ ಹಾಕಿಸಿದೆ. ಕೌದಿಯನ್ನೂ ಮೇಲೆ ತರಿಸಿಕೊಂಡಳು. ಬೇಡ, ಸುಸ್ತಾಗುತ್ತೆ ಎಂದೆ. ಕೈ ಖಾಲಿ ಇದ್ರೆ ತಲೆ ತುಂಬ್ಕೊಳ್ಳುತ್ತಮ್ಮಾ ಎಂದಳು. ನಾನು ಕೆಳಗೆ ಮೇಜಿನ ತಲೆಯಲ್ಲಿ ಕೂತು ಕೆಲಸ ಮಾಡಿಸುವಾಗ, ಮೇಲೆ ತಾಯಿ ಮಗಳು ಇಬ್ಬರೂ ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುವುದು ಹಲಗೆಯ ಸಂದಿಯಿಂದ ಕೇಳುತ್ತಿತ್ತು. ಏನು ಮಾತಾಡಿಕೊಳ್ಳುತ್ತಿದ್ದರೋ ನಾನು ಕೇಳಲಿಲ್ಲ. ಅಡ್ಡಗೆರೆ ಎಲ್ಲ ಮುಗಿಸಿ, ಇನ್ನು ಉದ್ದ ನಿಂದು ಅಮ್ಮಾ ಎಂದು ನನ್ನ ಕಡೆ ತಳ್ಳಿದಳು. ಆಮೇಲೆ ಹೆಚ್ಚು ದಿನ ಇರಲಿಲ್ಲ.

ಅವಳು ಹೋಗಿ ಎಷ್ಟೋ ತಿಂಗಳ ಮೇಲೆ ಕೌದಿ ಬಿಡಿಸಿದೆ. ನಾನು ಹೊಲಿಗೆಯನ್ನು ಕಣ್ಣಿನಿಂದ ನೋಡುವವಳಲ್ಲ, ಬೆರಳಿನಿಂದ ನೋಡುವವಳು. ಇಷ್ಟು ವರ್ಷ ಕೆಲಸ ಮಾಡಿದವರಿಗೆ ಬೆರಳೇ ಸಾಕು. ಮೇಲಿನಿಂದ ಒಂದೊಂದೇ ಗೆರೆ ಸವರುತ್ತ ಬಂದೆ. ಕೆಳಗಿನಿಂದ ಎರಡನೆಯ ಗೆರೆಯ ಮೇಲೆ ಬೆರಳು ಎಡವಿತು. ಬಟ್ಟೆಯ ಕೆಳಗಿನಿಂದ ಹೊರಡಬೇಕಾದದ್ದು ಮೇಲಿನಿಂದ ಹೊರಟಿತ್ತು. ಅಷ್ಟೇ ಅಲ್ಲ, ಹೊಲಿಗೆ ನಡುಗಿತ್ತು. ಒಂದು ಉದ್ದ, ಒಂದು ಗಿಡ್ಡ, ಒಂದು ಗೆರೆ ಬಿಟ್ಟು ಆಚೆ. ನನ್ನ ಮಗಳು ಅಂಥ ಹೊಲಿಗೆಯನ್ನು ಹುಟ್ಟಿದಾಗಿನಿಂದ ಹಾಕಿದವಳಲ್ಲ. ಹಾಗಾದರೆ ಆ ಹೊತ್ತಿಗೆ ಅವಳ ಕೈ ಎಷ್ಟು ಸೋತಿರಬೇಕು, ಚುಕ್ಕೆ ಕಾಣದಷ್ಟು ಕಣ್ಣಿಗೆ ಕತ್ತಲೆ ಬಂದಿರಬೇಕು, ನಾನು ಕೆಳಗೆ ಯಾರದೋ ಹಾಸಿಗೆಗೆ ಯಾವುದೋ ಕೌದಿ ಮಾಡಿಸುತ್ತ ಕೂತಿದ್ದೆನಲ್ಲ ಎನಿಸಿತು. ಕೌದಿ ಮಡಿಸಿ ಮೇಲಿನ ಹಲಗೆಗೆ ಏರಿಸಿದೆ. ಹೊಲಿದ ಕೈಯೇ ಬಿಚ್ಚಬೇಕು; ಆ ಕೈ ಇಲ್ಲ. ನಿಯಮ ಎಂದರೆ ನಿಯಮ. ಆಗಾಗ ಕೆಳಗಿಳಿಸುತ್ತಿದ್ದೆ, ದೂಳು ಕೊಡವಲು.

ಮಗು ನನ್ನಲ್ಲೇ ಉಳಿದಳು. ನಿನ್ನ ಗಂಡ ಊರಿನವರ ಬೀಗವೆಲ್ಲ ತೆಗೆಯುತ್ತಾನೆ, ತನ್ನ ಬಾಯಿಯ ಬೀಗ ಮಾತ್ರ ತೆಗೆಯಲು ಬಾರದು. ರಜೆ ಇದ್ದಾಗಲೆಲ್ಲ ಬಂದು ಮಗಳ ಜೊತೆ ಮೆಟ್ಟಿಲ ಮೇಲೆ ಕೂತು ಹೋಗುತ್ತಿದ್ದ. ಒಂದು ದಿನ ಬಂದವನು ಕೂರಲಿಲ್ಲ. ಅತ್ತೇ, ಮದುವೆ ಮಾಡ್ಕೊಂಡಿದೀನಿ, ಲಾಂಡ್ರೀಲಿ ಕೆಲಸ ಮಾಡ್ತಾಳೆ, ಒಳ್ಳೇವಳು, ಇನ್ನು ಮಗೂನ ಕರ್ಕೊಂಡು ಹೋಗ್ಬೇಕು ಅಂತಿದೀವಿ ಎಂದ. ಅಷ್ಟು ಮಾತನ್ನು ಅವನ ಬಾಯಲ್ಲಿ ಒಟ್ಟಿಗೆ ನಾನು ಕೇಳಿದ್ದು ಅದೇ ಮೊದಲು. ಒಳ್ಳೆಯವಳೋ ಕೆಟ್ಟವಳೋ ಬಟ್ಟೆ ನೋಡಿ ಹೇಳ್ತೀನಿ, ಕಳಿಸು ಎಂದೆ. ಹಲಗೆಯ ಮೇಲಿನಿಂದ ಆ ಕೌದಿ ಇಳಿಸಿ, ಇದರ ಉದ್ದಗೆರೆ ಅವಳು ಇಲ್ಲೇ ಕೂತು ಮುಗಿಸಲಿ, ಬಾಗಿಲೆಲ್ಲ ಕೂಡಿದ ದಿನ ಮಗುವನ್ನು ಕರೆದುಕೊಂಡು ಹೋಗಿ ಎಂದೆ.

ಬಾಗಿಲು ಕೂಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ಮಗಳನ್ನು ಕಳೆದುಕೊಂಡಾಗಿತ್ತು. ಉಳಿದದ್ದು ಒಂದು ಗುಂಡುಸೂಜಿ. ಅದನ್ನೂ ನಾನೇ ಕೈಯಾರೆ ಕೊಟ್ಟುಬಿಡಬೇಕಿತ್ತೇ?

ನೀನು ಬಂದೆ. ಕೆಲಸ ಮುಗಿಸಿ ನೇರವಾಗಿ ಬರುತ್ತಿದ್ದೆ, ಮೈಯೆಲ್ಲ ಸೋಪಿನ ವಾಸನೆ, ಮುಂಗೈ ಮೇಲೆ ಇಸ್ತ್ರಿ ತಾಗಿದ ಗುರುತು. ರೇಡಿಯೋ ಅಕ್ಕ ಬಾಗಿಲಲ್ಲೇ, ಇಸ್ತ್ರಿ ಬಂದ್ಲು, ಮುಖದ ಸುಕ್ಕು ಬಿಡಿಸ್ಕೊಳ್ಳೋರೆಲ್ಲ ಸಾಲಾಗಿ ನಿಂತ್ಕೊಳ್ರಮ್ಮ ಎಂದಳು. ಮೇಜೆಲ್ಲ ನಕ್ಕಿತು. ನೀನು ಚಪ್ಪಲಿ ಬಿಡುತ್ತ, ನಿಮ್ದಕ್ಕೆ ನೀರು ಚಿಮುಕ್ಸಬೇಕಾಗುತ್ತೆ ಅಕ್ಕ, ನಾಳೆ ತರ್ತೀನಿ ಎಂದೆ. ನನಗೂ ನಗು ಬಂತು. ತೋರಿಸಲಿಲ್ಲ. ನೀನು ನನ್ನನ್ನು ಅಮ್ಮ ಎಂದೆ. ನಾನು ನಿನಗೆ ಅಮ್ಮ ಅಲ್ಲ, ಎಲ್ಲರೂ ಅನ್ನೋ ಹಾಗೆ ದೊಡ್ಡಮ್ಮ ಅನ್ನು ಎಂದೆ. ಸರಿ ದೊಡ್ಡಮ್ಮ ಎಂದೆ ನೀನು. ಮುಖ ಸಣ್ಣ ಮಾಡಲಿಲ್ಲ.

ಕೌದಿ ಬಿಡಿಸಿದ ಕೂಡಲೇ ನೀನು ಕೇಳಿದ್ದು ಹೊಲಿಗೆಯ ವಿಷಯವಲ್ಲ. ಈ ಪೆನ್ಸಿಲ್ಲಿಗೆ ಬಿಸಿ ತಾಗಿಸ್ಬಾರ್ದು ಅಲ್ವಾ ದೊಡ್ಡಮ್ಮ, ತಾಗಿದ್ರೆ ಗೆರೆ ಕೂತ್ಬಿಡುತ್ತೆ ಎಂದೆ. ಹೌದು ಎಂದೆ ನಾನು. ಆಮೇಲೆ ನೀನು ಕೆಳಗಿನ ಅಂಚಿನ ಹತ್ತಿರ ಬಗ್ಗಿ ನೋಡಿ, ಇಲ್ಲಿ ಅಲ್ಲಲ್ಲಿ ಗೆರೆ ಅಳಿಸಿ ಹೋಗಿದೆ, ನೀರು ಬಿದ್ದಿರೋ ಹಾಗಿದೆ ಎಂದೆ. ಚಹಾ ಚೆಲ್ಲಿತ್ತು ಎಂದೆ ನಾನು. ಚಹಾದ ಕಲೆ ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲದ್ದೇನಲ್ಲ. ದಿನವೆಲ್ಲ ಅದನ್ನೇ ತೆಗೆಯುವವಳು. ನೀನು ಪೆನ್ಸಿಲು, ಅಳತೆಪಟ್ಟಿ ಕೇಳಿ ಪಡೆದು, ಹನಿ ಬಿದ್ದಲ್ಲೆಲ್ಲ ಗೆರೆಯನ್ನು ಮತ್ತೆ ಕೂಡಿಸಿದೆ.

ನಿನ್ನನ್ನು ಕಿಟಕಿಯ ಪಕ್ಕದ ಜಾಗದಲ್ಲಿ ಕೂರಿಸಿದ್ದೆ. ಅದು ನನ್ನ ಮಗಳು ಕೂರುತ್ತಿದ್ದ ಜಾಗ. ಬೇರೆ ಜಾಗ ಖಾಲಿ ಇರಲಿಲ್ಲ, ಅಷ್ಟೇ. ಗುಂಡುಸೂಜಿ ಮೊದಮೊದಲು ನಿನ್ನ ಹತ್ತಿರ ಸುಳಿಯಲಿಲ್ಲ. ಆಮೇಲೆ ದಾರದ ಉಂಡೆ ತರುವ ನೆವದಲ್ಲಿ ಬಂದಳು. ನನ್ನ ಸೂಜಿಗಳಿಗೆ ದಾರ ಪೋಣಿಸಿಕೊಡುವ ಕೆಲಸ ಅವಳದು, ಶಿಸ್ತು ಬರಲಿ ಎಂದು ನಾನೇ ಹಚ್ಚಿದ್ದು. ಅದನ್ನು ಮುಗಿಸಿದವಳೇ ನಿನ್ನ ಮೊಣಕೈ ಹತ್ತಿರ ಹೋಗಿ ಗಲ್ಲ ಊರಿಕೊಂಡು ಕೂರುವುದು ರೂಢಿಯಾಯಿತು. ನೀವಿಬ್ಬರೂ ಪಿಸುಗುಟ್ಟುವುದು ನನಗೆ ಕೇಳುತ್ತಿತ್ತು. ಹಲಗೆಯ ಸಂದಿಯಿಂದ ಕೇಳುತ್ತಿದ್ದ ಹಾಗೆಯೇ. ಅದು ನನಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಎನ್ನುವುದಕ್ಕಿಂತ, ತಡೆಯಲಾಗುತ್ತಿರಲಿಲ್ಲ.

ಮೊದಲ ಕೆಲವು ಗೆರೆ ಹೊಲಿದ ಮೇಲೆ ನೀನು ಎದ್ದು ಬಂದು ಕೇಳಿದೆ: ಮೇಲಿನ ಬಾಗಿಲೆಲ್ಲ ಕೂಡ್ತಾ ಇವೆ ದೊಡ್ಡಮ್ಮ, ಕೆಳಗೆ ಬಂದಾಗ ಮಾತ್ರ ಬಾಯಿ ಬಿಟ್ಕೊಳ್ತವೆ, ನಾನೆಲ್ಲಿ ತಪ್ಪಿದೆ? ಗೆರೆ ಇದೆ, ಚುಕ್ಕೆ ಇದೆ, ನೋಡ್ಕೋ ಎಂದೆ. ನೀನು ವಾಪಸು ಹೋಗಿ ನಿನ್ನ ಉದ್ದಗೆರೆಗಳನ್ನೇ ಬಿಚ್ಚಿದೆ. ಮತ್ತೆ ಹೊಲಿದೆ. ಮತ್ತೆ ಬಿಚ್ಚಿದೆ. ತಪ್ಪು ನಿನ್ನದೇ ಎಂದು ನೀನು ನಂಬಿಬಿಟ್ಟಿದ್ದೆ. ಸತ್ತವಳ ಗೆರೆ ತಪ್ಪಿರಬಹುದು ಎಂದು ನಿನ್ನ ತಲೆಗೆ ಬರಲೇ ಇಲ್ಲವೋ, ಬಂದರೂ ಹೇಳಲು ಬಾಯಿ ಬರಲಿಲ್ಲವೋ. ಅಷ್ಟು ಬಿಚ್ಚಿದ್ರೆ ಬಟ್ಟೆ ಜಾಲರಿ ಆಗುತ್ತೆ ಇಸ್ತ್ರೀ, ದೊಡ್ಡಮ್ಮನಿಗೆ ತೋರ್ಸು ಎಂದು ರೇಡಿಯೋ ಅಕ್ಕ ಅಂದಳು. ಹೊಲಿದ ಕೈಯೇ ಬಿಚ್ಬೇಕು ಅಂತ ನೀವೇ ಹೇಳಿದ್ರಲ್ಲಕ್ಕಾ, ನನ್ನ ಕೈ ನಾನು ಬಿಚ್ಕೊಳ್ತೀನಿ ಎಂದೆ ನೀನು. ನನಗೆ ಕೇಳಿಸಿತು. ಕತ್ತರಿ ಕುತ್ತಿಗೆಯಲ್ಲೇ ಇತ್ತು. ನಾನು ತಲೆ ಎತ್ತಲಿಲ್ಲ.

ಗುಂಡುಸೂಜಿ ಇದನ್ನೆಲ್ಲ ನೋಡುತ್ತಿದ್ದಳು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೊನ್ನೆ ನೀನು ಚಹಾ ಕುಡಿಯಲು ಒಳಗೆ ಹೋದಾಗ, ಎಷ್ಟಾಗಿದೆ ನೋಡೋಣ ಎಂದು ನಿನ್ನ ಜಾಗಕ್ಕೆ ಬಂದೆ. ಬೆರಳಿಟ್ಟೆ. ಬಾಗಿಲು ಕೂಡಿತ್ತು. ಕೆಳಗಿನಿಂದ ಎರಡನೆಯ ಗೆರೆ ಚುಕ್ಕೆಗೆ ಸರಿಯಾಗಿ ಬಟ್ಟೆಯ ಕೆಳಗಿನಿಂದ ಹೊರಟಿತ್ತು. ಹಳೆಯ ಸೂಜಿಯ ತೂತುಗಳು ಪಕ್ಕದಲ್ಲೇ ಬೆರಳಿಗೆ ಸಿಕ್ಕವು. ದಾರ ಮಾತ್ರ ಹೊಸದಲ್ಲ, ಒಮ್ಮೆ ಬಿಚ್ಚಿ ಮತ್ತೆ ಹಾಕಿದ್ದು, ಮೈಯೆಲ್ಲ ನಾರೆದ್ದಿತ್ತು. ನನ್ನ ಮಗಳ ನಡುಗಿದ ಗೆರೆ ಇರಲಿಲ್ಲ.

ಆಮೇಲೆ ನಾನು ಆಡಿದ ಮಾತು ನಿನಗೆ ನೆನಪಿದೆ. ಸತ್ತವಳ ಗಂಡ ಸಿಕ್ಕಿದ, ಸಾಲಲಿಲ್ಲ, ಮಗೂ ಬೇಕು ಅಂದೆ, ಈಗ ಅವಳ ಕೊನೇ ಗೆರೇನೂ ಕಿತ್ತು ಹಾಕಿದೆಯಾ ಎಂದೆ. ಯಾರು ಕೊಟ್ಟರು ನಿನಗೆ ಆ ಅಧಿಕಾರ, ಹೊಲಿದ ಕೈ ಮಣ್ಣಲ್ಲಿದೆ ಎಂದೆ. ಇನ್ನೂ ಏನೇನೋ. ಮೇಜಿನ ಸುತ್ತ ಸೂಜಿಗಳೆಲ್ಲ ನಿಂತವು. ರೇಡಿಯೋ ಅಕ್ಕ, ಸಾಕು ಬಿಡಿ ದೊಡ್ಡಮ್ಮ ಎಂದಳು. ಅವಳು ಹಾಗೆ ನನಗೆ ಹೇಳಿದ್ದು ಅದೇ ಮೊದಲು. ನೀನು ಒಂದೇ ಒಂದು ಸಲ ಬಟ್ಟೆಯ ಅಟ್ಟಿಯ ಕಡೆ ನೋಡಿದೆ. ಅದರ ಹಿಂದೆ ಗುಂಡುಸೂಜಿ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ಹೌದು ದೊಡ್ಡಮ್ಮ, ನನ್ನಿಂದ ತಪ್ಪಾಯ್ತು ಎಂದೆ. ಸೂಜಿಯನ್ನು ಎಲ್ಲೂ ಎಸೆಯದೆ, ಹೊಲಿಯುತ್ತಿದ್ದ ಗೆರೆಯಲ್ಲೇ ಚುಚ್ಚಿಟ್ಟು, ಚೀಲ ತೆಗೆದುಕೊಂಡು ಹೋದೆ.

ಆ ದಿನ ಬೇಗ ಕೆಲಸ ಬಿಡಿಸಿದೆ. ಎಲ್ಲರೂ ಹೋದ ಮೇಲೂ ಕೌದಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಗುಂಡುಸೂಜಿ ಬಂದು ಮೇಜಿನ ಆಚೆ ನಿಂತಳು. ಹೋಗು, ಕೈಕಾಲು ತೊಳ್ಕೋ ಎಂದೆ. ಹೋಗಲಿಲ್ಲ. ಕೈ ಚಾಚಿ, ಅಜ್ಜೀ ಕತ್ತರಿ ಕೊಡು ಎಂದಳು. ಯಾಕೆ ಎಂದೆ. ನನ್ನ ಮುಂದೆ ಇಡ್ಬೇಕಲ್ಲ ಅದನ್ನ, ನೀನು ಇಡಲ್ಲ, ಅದಕ್ಕೆ ನಾನೇ ಇಟ್ಕೊಳ್ತೀನಿ ಎಂದಳು. ನನಗೆ ಅರ್ಥವಾಗಲಿಲ್ಲ. ಆಗ ಅತ್ತಳು. ಬಿಚ್ಚಿದ್ದು ಚಿಕ್ಕಮ್ಮ ಅಲ್ಲ ಅಜ್ಜೀ, ನಾನು; ಹೊಲಿದೋಳೂ ನಾನೇ ಎಂದಳು. ನಿನ್ನನ್ನು ಅವಳು ಚಿಕ್ಕಮ್ಮ ಎನ್ನುತ್ತಾಳೆ ಎಂಬುದೂ ನನಗೆ ಆಗಲೇ ಗೊತ್ತಾದದ್ದು.

ಮಹಡಿಯ ಕೋಣೆಯಲ್ಲಿ ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ಇವಳು ಮಂಚದ ಅಂಚಿನಲ್ಲಿ ಕೂತು ಆ ಗೆರೆ ಹೊಲಿದಿದ್ದಳಂತೆ. ಚುಕ್ಕೆ ಅಂದ್ರೆ ಏನು ಅಂತ ಗೊತ್ತಿರ್ಲಿಲ್ಲ ಅಜ್ಜೀ ಎಂದಳು. ಅಮ್ಮ ಎದ್ದು ನೋಡಿದಳಂತೆ. ನಕ್ಕಳಂತೆ. ತಪ್ಪು ಕಡೆಯಿಂದ ಹೊರಟಿದೀಯಲ್ಲೇ, ಇರ್ಲಿ ಬಿಡು, ನಾಳೆ ಇಬ್ರೂ ಕೂತು ಬಿಚ್ಚೋಣ ಎಂದಳಂತೆ. ಆ ನಾಳೆ ಬರಲಿಲ್ಲ. ಮರುದಿನ ಮೈ ಇನ್ನಷ್ಟು ಕೆಟ್ಟಿತು. ಅಜ್ಜಿ ಕತ್ತರಿ ತರ್ತಾಳೆ ಎಂದು ಇವಳು ಅತ್ತಾಗ, ಅಜ್ಜಿ ಕೇಳಿದ್ರೆ ನಾನು ಹೊಲಿದದ್ದು ಅಂತ ಹೇಳ್ತೀನಿ, ನೀನು ಸುಮ್ನಿರು ಎಂದು ಅಮ್ಮ ಮಾತು ಕೊಟ್ಟಿದ್ದಳಂತೆ.

ಇಷ್ಟು ವರ್ಷ ಒಂದೇ ಸೂರಿನ ಕೆಳಗೆ, ನನ್ನ ಮಗ್ಗುಲಲ್ಲಿ ಮಲಗುವ ಮಗು ಅದನ್ನು ಎದೆಯಲ್ಲಿ ಇಟ್ಟುಕೊಂಡಿದ್ದಳು. ನಾನು ಆ ಗೆರೆಯ ಮೇಲೆ ಬೆರಳಾಡಿಸುವಾಗಲೆಲ್ಲ, ಅಜ್ಜಿಗೆ ಗೊತ್ತಾಯ್ತು ಎಂದು ಅವಳು ಬಟ್ಟೆ ಅಟ್ಟಿಯ ಹಿಂದೆ ಹೋಗಿ ನಿಲ್ಲುತ್ತಿದ್ದಳಂತೆ. ನೀನು ನಿನ್ನ ಸರಿಯಾದ ಗೆರೆಗಳನ್ನು ಬಿಚ್ಚಿ ಬಿಚ್ಚಿ ಸೋಲುವುದನ್ನು ನೋಡಲಾರದೆ ನಿನಗೆ ಹೇಳಿದಳು. ನೀನು ಬೈಯಲಿಲ್ಲವಂತೆ, ಅಯ್ಯೋ ಪಾಪ ಎಂದೂ ಅನ್ನಲಿಲ್ಲವಂತೆ. ಹಾಗಾದ್ರೆ ಬಿಚ್ಚೋ ಕೈ ನಿಂದೇ, ಬಾ ಎಂದು ಪಕ್ಕಕ್ಕೆ ಜಾಗ ಮಾಡಿಕೊಟ್ಟೆಯಂತೆ. ಬಿಚ್ಚಿದ ದಾರ ಎಸೆಯಬೇಡ, ಅಮ್ಮ ಕೊಟ್ಟ ದಾರ ಅಲ್ವಾ, ಅದರಲ್ಲೇ ಹೊಲಿ ಎಂದೆಯಂತೆ. ಮತ್ತೆ ನನ್ನ ಎದುರಿಗೆ ನಿಂತಾಗ, ಒಂದು ಮಾತು ಹೇಳಿದ್ದರೆ ಮುಗಿಯುತ್ತಿದ್ದದ್ದನ್ನು ನಿನ್ನ ಮೇಲೆ ಹಾಕಿಕೊಂಡೆ.

ನನ್ನ ಮಗಳು ಅವಳಿಗಾಗಿ ಆಡಬೇಕೆಂದಿದ್ದ ಸುಳ್ಳು ಅದು. ಅವಳಿಗೆ ಸಮಯ ಸಿಗಲಿಲ್ಲ. ನೀನು ಆಡಿದೆ.

ಮಗು ಅತ್ತು ಅತ್ತು ಮೇಜಿನ ಮೇಲೆಯೇ ತಲೆಯಿಟ್ಟು ನಿದ್ದೆಹೋದಳು. ನಾನು ಕೌದಿಯನ್ನು ಮತ್ತೆ ಬಿಡಿಸಿದೆ. ನಡುಗಿದ್ದೇ ನನ್ನ ಮಗಳ ಕೊನೆಯ ಗೆರೆ ಎಂದು ನಾನು ಇಷ್ಟು ದಿನ ಸವರಿದ್ದು ಅವಳದಲ್ಲ. ಹಾಗಾದರೆ ಅವಳ ಕೊನೆಯ ಗೆರೆ ಯಾವುದು? ಅದರ ಕೆಳಗಿನದು. ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ ನಾನು ಒಂದು ದಿನವೂ ಬೆರಳು ನಿಲ್ಲಿಸಿರಲಿಲ್ಲ, ತಪ್ಪಿಲ್ಲದ ಗೆರೆಯ ಮೇಲೆ ನನ್ನ ಬೆರಳು ನಿಲ್ಲುವುದೇ ಇಲ್ಲ. ಈಗ ನಿಲ್ಲಿಸಿದೆ. ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ, ಒಂದೇ ಅಳತೆ, ಅಕ್ಕಿಕಾಳು ಇಟ್ಟ ಹಾಗೆ. ಮೈ ಕೆಟ್ಟ ಮೇಲೆ ಹೊಲಿದದ್ದು ಅದು. ಅವಳ ಕೈ ನಡುಗಿರಲಿಲ್ಲ ತಾಯಿ. ಕೊನೆಯವರೆಗೂ ನಡುಗಿರಲಿಲ್ಲ. ಎಷ್ಟು ಹೊತ್ತು ಅಲ್ಲೇ ಬೆರಳಿಟ್ಟುಕೊಂಡು ಕೂತಿದ್ದೆನೋ. ಆ ಜಾಗದಲ್ಲಿ ಪೆನ್ಸಿಲು ಮತ್ತೆ ಅಳಿಸಿತು. ಚಹಾ ಎಂದು ನಿನಗೆ ಇನ್ನೊಮ್ಮೆ ಹೇಳುವುದಿಲ್ಲ.

ನೀನು ಬಿಟ್ಟುಹೋದ ಉದ್ದಗೆರೆಗಳನ್ನು ನಾನೂ ಗುಂಡುಸೂಜಿಯೂ ಕೂತು ಮುಗಿಸಿದೆವು. ಬಾಗಿಲೆಲ್ಲ ಕೂಡಿವೆ. ನಿನ್ನ ಹೊಲಿಗೆ ಸಡಿಲ, ಅದನ್ನು ಹೇಳದೆ ಬಿಡಲಾರೆ. ದಾರ ಎಳೆಯುವಾಗ ಬಟ್ಟೆಗೆ ನೋಯುತ್ತದೆ ಎಂದು ಹೆದರಬೇಡ. ನಿನ್ನೆ ಕೌದಿಯನ್ನು ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದೆ. ಪೆನ್ಸಿಲಿನ ಚೌಕವೆಲ್ಲ ನೀರಿನಲ್ಲಿ ಹೋಯಿತು. ಮಗಳು ಎಳೆದ ಗೆರೆ ಹೋಗುವುದನ್ನು ನೋಡಬೇಕಲ್ಲ ಎಂದು ಇಷ್ಟು ದಿನ ಹೆದರಿದ್ದೆ. ಹೋದ ಮೇಲೆ ಅವಳ ಹೊಲಿಗೆ ಇನ್ನೂ ಬೆಳ್ಳಗೆ ಎದ್ದು ನಿಂತಿದೆ ಎಂದು ಗುಂಡುಸೂಜಿ ಹೇಳಿದಳು. ರೇಡಿಯೋ ಅಕ್ಕ ಹಗ್ಗದ ಹತ್ತಿರ ನಿಂತು ಮೂಗು ಒರೆಸಿಕೊಂಡಳು. ಯಾಕೆ ಎಂದರೆ, ಸೋಪು ಜಾಸ್ತಿ ಹಾಕಿದೀರಿ ದೊಡ್ಡಮ್ಮ ಎಂದಳು.

ಸಂಜೆ ನಿನ್ನ ಗಂಡನಿಗೆ ಹೇಳಿಕಳಿಸಿದೆ. ಬಂದವನು ಎಲ್ಲ ಕೇಳಿಸಿಕೊಂಡು, ಅತ್ತೇ, ಯೋಚನೆ ಮಾಡಿ ಹೇಳ್ತಿದೀರಾ, ಆಮೇಲೆ ನಿಮಗೆ ಕಷ್ಟ ಆಗುತ್ತೆ ಎಂದ. ನನ್ನ ಕಷ್ಟದ ಬೀಗ ನಿನ್ನ ಕೈಗೆ ಕೊಟ್ಟಿಲ್ಲ, ಬೆಳಿಗ್ಗೆ ಮೊದಲ ಬಸ್ಸಿಗೆ ಬಾ ಎಂದೆ.

ಮಗು ರಾತ್ರಿ ಹಲ್ಲುಜ್ಜಿದೆ ಎನ್ನುತ್ತಾಳೆ, ಉಜ್ಜಿರುವುದಿಲ್ಲ. ಬ್ರಷ್ಷು ಮುಟ್ಟಿ ನೋಡು. ತಲೆ ಬಾಚುವಾಗ ಕಿರುಚುತ್ತಾಳೆ, ನೋವಿಗಲ್ಲ, ಸುಮ್ಮನೆ. ತಪ್ಪು ಮಾಡಿದಾಗ ಬಟ್ಟೆ ಅಟ್ಟಿಯ ಹಿಂದೆ ನಿಲ್ಲುವುದು ಅವಳ ರೂಢಿ. ನಿನ್ನ ಮನೆಯಲ್ಲಿ ಎಲ್ಲಿ ನಿಲ್ಲುತ್ತಾಳೋ ನೋಡಿಕೊಂಡು, ಕರೆಯಬೇಡ, ಪಕ್ಕಕ್ಕೆ ಜಾಗ ಮಾಡಿ ಕೂತಿರು. ಅದು ನಿನಗೆ ಹೇಳಿಕೊಡಬೇಕಾಗಿಲ್ಲ.

ನನ್ನ ಅಳಿಯನ ಮನೆಯಲ್ಲಿ ಮಗುವಿಗೆ ತಾಯಿ ಇದ್ದಾಳೆ ಎಂದು ನಾನು ತೀರ್ಮಾನ ಮಾಡಿದ್ದೇನೆ. ತೀರ್ಮಾನ ಮಾಡಿ ಕೂರುವವಳಲ್ಲ ನಾನು. ಈ ಪತ್ರ ಅಂಚೆಯಲ್ಲಿ ಬರುತ್ತದೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಗುಂಡುಸೂಜಿ ನಿನ್ನ ಮನೆಯಲ್ಲಿ ಆ ಕೌದಿ ಹೊದ್ದು ಮಲಗಿ ಎದ್ದಿರುತ್ತಾಳೆ. ಇಂದು ಬೆಳಿಗ್ಗೆ ನಾನೇ ಕೌದಿ ಮಡಿಸಿ ಅವಳ ತೋಳಿಗೆ ಕೊಟ್ಟು, ಬಸ್ಸು ಹತ್ತಿಸಿ ಬಂದೆ.

ಇತಿ,
ದೊಡ್ಡಮ್ಮ

ಮತ್ತೆ: ಪತ್ರ ಮಡಿಸಿಟ್ಟು ಕೆಲಸಕ್ಕೆ ಕೂತೆ. ಸೂಜಿದಿಂಬಿನಿಂದ ಒಂದು ಸೂಜಿ ತೆಗೆದೆ. ಅದಕ್ಕೆ ದಾರ ಪೋಣಿಸಿತ್ತು. ಅದನ್ನಿಟ್ಟು ಇನ್ನೊಂದು ತೆಗೆದೆ. ಅದಕ್ಕೂ. ದಿಂಬಿನಲ್ಲಿರುವ ಅಷ್ಟೂ ಸೂಜಿಗೂ ಉದ್ದುದ್ದ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಸುತ್ತಿ ಇಟ್ಟು ಹೋಗಿದ್ದಾಳೆ. ಯಾವಾಗ ಕೂತು ಮಾಡಿದಳೋ. ನಾನು ಕೇಳಿರಲಿಲ್ಲ. ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ ಎಂದು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ನಿನಗೂ ಹೇಳುತ್ತಿಲ್ಲ. ಈ ದಾರಗಳು ಮುಗಿದಾಗ ಅವಳನ್ನು ಒಂದೆರಡು ದಿನ ಕಳಿಸು. ಒಬ್ಬಳನ್ನೇ ಕಳಿಸಬೇಡ, ನೀನೂ ಬಾ. ಕಿಟಕಿಯ ಪಕ್ಕದ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ.